ಬೋರ್ಸ್ಟಲ್ ಗುಡ್ಡದ ಮೂರು ಗೋಡೆಗಳು

ಲಂಡನ್ನಿನಿಂದ ರೈಲಿನಲ್ಲಿ ರಾಚೆಸ್ಟರಿಗೆ ಬಂದು, ಮೆಡ್‌ವೇ ನದಿಗುಂಟ ದಕ್ಷಿಣಕ್ಕೆ ನಡೆದರೆ ಬೋರ್ಸ್ಟಲ್ ಎಂಬ ಊರು ಸಿಗುತ್ತದೆ. ಏರು ಹತ್ತಿ ಹಿಂದೆ ತಿರುಗಿದರೆ ಕೆಳಗೆ ನದಿ, ಅದರ ಮೇಲೆ ಹೆದ್ದಾರಿಯ ಉದ್ದನೆಯ ಸೇತುವೆ. ಮುಂದೆ ಗೋಡೆ, ಆ ಗೋಡೆಯ ನೆರೆಯಲ್ಲಿ ಇನ್ನೆರಡು ಆವರಣ. ಒಳಗೆ ಯಾರೂ ಬಿಡುವುದಿಲ್ಲ, ಹೊರಗೆ ನಡೆಯಲು ಅಡ್ಡಿಯಿಲ್ಲ.

ಮೊದಲನೆಯದು ರಾಚೆಸ್ಟರ್ ಜೈಲು. ಸುತ್ತಲ ಕೋಟೆಗಳನ್ನು ಕಟ್ಟುವ ಕೈದಿಗಳನ್ನಿಡಲು 1874ರಲ್ಲಿ ಎದ್ದದ್ದು. 1902ರಲ್ಲಿ ಎವೆಲಿನ್ ರಗಲ್ಸ್-ಬ್ರೈಸ್ ಎಂಬ ಅಧಿಕಾರಿ ಹರೆಯದ ಹುಡುಗರನ್ನು ವಯಸ್ಕ ಕೈದಿಗಳಿಂದ ಬೇರ್ಪಡಿಸಿ, ಇಲ್ಲಿ ಕಸುಬು, ಶಿಸ್ತು ಕಲಿಸತೊಡಗಿದರು. 1908ರಲ್ಲಿ ಅದು ದೇಶದ ಕಾನೂನಾಯಿತು. ಆ ವ್ಯವಸ್ಥೆಗೆ ಅಂಟಿದ ಊರಿನ ಹೆಸರು ಸಮುದ್ರ ದಾಟಿ ನಮ್ಮಲ್ಲಿಗೂ ಬಂತು: ಮುಂಬೈ ಪ್ರಾಂತ 1929ರಲ್ಲಿ, ಮೈಸೂರು ಸಂಸ್ಥಾನ 1943ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿದವು, ಧಾರವಾಡದಲ್ಲಿ ಅಂಥ ಶಾಲೆಯೂ ಇತ್ತು. ಇಂಗ್ಲೆಂಡ್ ತಾನೇ ಹುಟ್ಟಿಸಿದ ಈ ವ್ಯವಸ್ಥೆಯನ್ನು 1982ರ ಕಾಯ್ದೆಯಿಂದ ಕೈಬಿಟ್ಟಿತು.

ಆ ಅಧಿಕಾರಿಯ ಹೆಸರನ್ನೇ ಹೊತ್ತ ಸರ್ ಎವೆಲಿನ್ ರಸ್ತೆಯಲ್ಲಿ ಎರಡನೆಯದಿದೆ, ಬಾಲಕರ ಜೈಲಾಗಿದ್ದ ಕುಕಮ್ ವುಡ್. ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. 2023ರಲ್ಲಿ ಜೈಲುಗಳ ಮುಖ್ಯ ತಪಾಸಕ ಚಾರ್ಲಿ ಟೇಲರ್ ಬಂದು ನೋಡಿದಾಗ ಇದ್ದ ಹುಡುಗರು 77, ಸಿಬ್ಬಂದಿ ಸುಮಾರು 450. ಆದರೂ ಹುಡುಗರ ಬಳಿ ಸಿಕ್ಕ ಆಯುಧಗಳು 228. ಜಗಳ ತಪ್ಪಿಸಲೆಂದು ಎಷ್ಟೋ ಹುಡುಗರನ್ನು ದಿನದ ಬಹುಪಾಲು ಒಂಟಿ ಕೋಣೆಗಳಲ್ಲಿ ಕೂಡಿಹಾಕಲಾಗಿತ್ತು. ಒಬ್ಬ ಹುಡುಗನಿಗೆ ಐದಾರು ಜನ ನೌಕರರಿದ್ದೂ ಅವನನ್ನು ಮಾತನಾಡಿಸುವವರಿಲ್ಲ ಎಂದರೆ ಕೊರತೆ ಹಣದ್ದಲ್ಲ.

2024ರಲ್ಲಿ ಸರ್ಕಾರ ಹುಡುಗರನ್ನು ಇಲ್ಲಿಂದ ತೆರವು ಮಾಡಲು ನಿರ್ಧರಿಸಿತು. ಹುಡುಗರ ಹಿತಕ್ಕಷ್ಟೇ ಅಲ್ಲ. ದೊಡ್ಡವರ ಜೈಲುಗಳು ತುಂಬಿ ತುಳುಕುತ್ತಿದ್ದವು, ಈ ಕೋಣೆಗಳು ಅವರಿಗೆ ಬೇಕಿದ್ದವು. ಬಾಲಕರಿಗೆಂದು ಇಂಗ್ಲೆಂಡಿನಲ್ಲಿ ಉಳಿದ ಇಂಥ ಜೈಲುಗಳು ಮೂರೇ: ಲಂಡನ್ನಿನ ಪಶ್ಚಿಮ ಅಂಚಿನಲ್ಲೊಂದು, ಸ್ಟ್ಯಾಫರ್ಡ್‌ಷೈರಿನಲ್ಲೊಂದು, ಯಾರ್ಕ್‌ಷೈರಿನಲ್ಲೊಂದು. ಕೆಂಟ್‌ನ ತಾಯಿಯೊಬ್ಬಳು ಮಗನ ಮುಖ ನೋಡಲು ಎಷ್ಟು ದೂರ ಹೋಗಬೇಕು ಎಂಬುದನ್ನು ಯಾವ ಲೆಕ್ಕಪತ್ರದಲ್ಲಿ ಬರೆಯುತ್ತಾರೆ?

ಮೂರನೆಯ ಆವರಣ ಮಕ್ಕಳನ್ನು ಬಂಧನದಲ್ಲಿಡುತ್ತಿದ್ದ ಮೆಡ್‌ವೇ ತರಬೇತಿ ಕೇಂದ್ರದ್ದು. 1998ರಲ್ಲಿ ಖಾಸಗಿ ಕಂಪನಿಯ ಕೈಯಲ್ಲಿ ಶುರುವಾಯಿತು, 2016ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಅಲ್ಲಿನ ಮಕ್ಕಳ ಮೇಲಿನ ದೌರ್ಜನ್ಯವನ್ನು ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು, 2020ರಲ್ಲಿ ಕೇಂದ್ರ ಮುಚ್ಚಿತು. ಅದೇ ಜಾಗದಲ್ಲಿ 2024ರಲ್ಲಿ 49 ಮಕ್ಕಳಿಗಾಗಿ ಭದ್ರ ಶಾಲೆಯೊಂದು ತೆರೆಯಿತು. ಜೈಲಿನ ಬದಲು ಶಾಲೆ ಬೇಕೆಂದು 2016ರಲ್ಲಿ ವರದಿ ಕೊಟ್ಟವರೂ ಇದೇ ಟೇಲರ್. ಕಲ್ಪನೆ ಒಳ್ಳೆಯದು. ಆದರೂ ಬಾಗಿಲಿಗೆ ಬೀಗ, ಸುತ್ತ ಬೇಲಿ, ಮತ್ತದೇ ಗುಡ್ಡ.

ನಿಜವಾದ ಬದಲಾವಣೆ ಆದದ್ದು ಈ ಗುಡ್ಡದಾಚೆ. 2008ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು ಮೂರು ಸಾವಿರ ಮಕ್ಕಳು ಬಂಧನದಲ್ಲಿದ್ದರು, ಈಗ ಐನೂರರೊಳಗೆ. ಪುಟ್ಟ ತಪ್ಪುಗಳನ್ನು ನ್ಯಾಯಾಲಯಕ್ಕೆ ಎಳೆಯದೆ, ಮನೆಯಲ್ಲೇ ಇರಿಸಿ ನಿಗಾ ವಹಿಸಿದ್ದು ಈ ಇಳಿಕೆಗೆ ನೆರವಾಯಿತು. ಇನ್ನೂ ಉಳಿದ ಗಂಟು ಬೇರೆ. ವಿಚಾರಣೆಗೆಂದು ಬಂಧನಕ್ಕೆ ಕಳಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಕೊನೆಗೆ ಸೆರೆಶಿಕ್ಷೆಯೇ ಆಗುವುದಿಲ್ಲ. ಮನೆಗೆ ಕಳಿಸುವಂತಿಲ್ಲ, ಊರಲ್ಲಿ ಇರಿಸಲು ಜಾಗವಿಲ್ಲ ಎಂಬುದೂ ಅವರಲ್ಲಿ ಹಲವರು ಒಳಗೆ ಹೋಗಲು ಕಾರಣ. ಲಂಡನ್ನಿನಲ್ಲಿ ಹದಿನಾರು-ಹದಿನೇಳರ ಕೆಲವೇ ಹುಡುಗರನ್ನು ಸಾಮಾನ್ಯ ಮನೆಯಲ್ಲಿಟ್ಟು, ಹಗಲೂ ರಾತ್ರಿ ಜೊತೆಗಿರುವ ಸಿಬ್ಬಂದಿ ಕೊಡುವ ಪ್ರಯತ್ನ ನಡೆದಿದೆ. ಮೊದಲು ಹಣ ಸುರಿಯಬೇಕಾದದ್ದು ಇಂಥ ಮನೆಗಳಿಗೆ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಜಾಮೀನೇ ನಿಯಮ, ಬಂಧನ ಕೊನೆಯ ದಾರಿ ಎನ್ನುತ್ತದೆ. ಸಮುದಾಯ ಸೇವೆ, ಆಪ್ತಸಲಹೆ, ಪ್ರೊಬೇಷನ್‌ಗೆ ಅವಕಾಶ ಕೊಟ್ಟಿದೆ. ಕಾನೂನು ಕೊಟ್ಟ ಆ ದಾರಿ ತೆರೆದಿರಬೇಕಾದರೆ ಮಕ್ಕಳಿಗೆ ಊರೊಳಗೇ ಜಾಗ ಬೇಕು. ನಿಮ್ಮ ಬೀದಿಯಲ್ಲಿ ಅಂಥ ಮಕ್ಕಳಿಗಾಗಿ ಮನೆ ಬಾಡಿಗೆ ಕೇಳಿಕೊಂಡು ಯಾರಾದರೂ ಬಂದರೆ, ದಯವಿಟ್ಟು ಬೇಡ ಎನ್ನಬೇಡಿ.