ಮೊದಲ ಸ್ಥಾನಕ್ಕಾಗಿ ಮೇಲಾಟ

2021ರ ಜೂನ್ 3ರಂದು ಕನ್ನಡಿಗರಿಗೆ ಒಂದು ಆಘಾತ ಕಾದಿತ್ತು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದವರಿಗೆ, ಪರದೆಯ ಮೇಲ್ಭಾಗದ ಚೌಕದಲ್ಲಿ ‘ಕನ್ನಡ’ ಎಂಬ ಉತ್ತರ ಕಾಣಿಸುತ್ತಿತ್ತು. ಆ ಪರದೆಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ನಾಡಿನಾದ್ಯಂತ ಆಕ್ರೋಶ ಎದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅದು ತನ್ನ ಅಭಿಪ್ರಾಯವಲ್ಲ, ಅಂತರಜಾಲದಲ್ಲಿ ಇರುವ ಬರಹಗಳಿಂದ ಕೆಲವೊಮ್ಮೆ ಇಂಥ ಫಲಿತಾಂಶ ಬರುವುದುಂಟು ಎಂದು ವಿವರಣೆಯನ್ನೂ ನೀಡಿತು.

ಹಲ್ಮಿಡಿ ಶಾಸನದಿಂದ ಲೆಕ್ಕ ಹಾಕಿದರೂ ಸುಮಾರು ಒಂದೂವರೆ ಸಾವಿರ ವರ್ಷಗಳ ಬರಹದ ಇತಿಹಾಸವಿರುವ ಭಾಷೆಗೆ ಈ ಪಟ್ಟ ಕಟ್ಟಿದವರು ಯಾರು? ಭಾಷಾಶಾಸ್ತ್ರಜ್ಞರಂತೂ ಅಲ್ಲ. ಗೂಗಲ್ ಕಚೇರಿಯ ಯಾವ ನೌಕರನೂ ಅಲ್ಲ. ಒಂದು ಯಂತ್ರ, ಭಾಷೆಗಳಿಗೆ ಯಾವ ಸಂಬಂಧವೂ ಇಲ್ಲದ, ಸಾಲದ ವಿಚಾರಕ್ಕೆಂದು ಇದ್ದ ಜಾಲತಾಣವೊಂದರ ಪುಟದಿಂದ ಆ ಸಾಲನ್ನು ಹೆಕ್ಕಿ ತಂದು ಎಲ್ಲಕ್ಕಿಂತ ಮೇಲೆ ಕೂರಿಸಿತ್ತು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಅರಿಯುವುದು ದಿನಕ್ಕೆ ಹತ್ತು ಬಾರಿ ‘ಗೂಗಲ್ ಮಾಡುವ’ ಪ್ರತಿಯೊಬ್ಬ ವಿದ್ಯಾರ್ಥಿಗೂ, ಅವರ ತಂದೆ ತಾಯಿಗಳಿಗೂ ಅಗತ್ಯ.

ಹುಡುಕುವುದು ಜಾಲವನ್ನಲ್ಲ, ಪದಸೂಚಿಯನ್ನು

ನಾವು ಪದವೊಂದನ್ನು ಬರೆದು ಗುಂಡಿ ಒತ್ತಿದ ಕೂಡಲೇ ಶೋಧಕ ಯಂತ್ರವು ಜಗತ್ತಿನ ಜಾಲತಾಣಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು ಕಲ್ಪನೆ. ಸುತ್ತುವ ಕೆಲಸ ಮೊದಲೇ ಮುಗಿದಿರುತ್ತದೆ. ‘ಜೇಡ’ ಎಂದೇ ಕರೆಯಲಾಗುವ ಕಂಪ್ಯೂಟರ್ ಕ್ರಮವಿಧಿಯೊಂದು ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿಗಳ ಮೂಲಕ ಹಗಲಿರುಳು ಓಡಾಡುತ್ತ, ಕಂಡ ಪುಟಗಳನ್ನು ಪ್ರತಿ ಮಾಡಿಕೊಳ್ಳುತ್ತದೆ. ಬಳಿಕ ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ಪಟ್ಟಿ ತಯಾರಾಗುತ್ತದೆ. ದಪ್ಪ ಪುಸ್ತಕಗಳ ಕೊನೆಯಲ್ಲಿ ಇರುವ ಪದಸೂಚಿಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಪ್ರಶ್ನೆಗೆ ಯಂತ್ರ ತಡಕಾಡುವುದು ಈ ಸೂಚಿಯನ್ನೇ.

ಇಂಥ ಪ್ರಯತ್ನ ಮೊದಲಾದದ್ದು 1990ರಲ್ಲಿ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಅಲನ್ ಎಮ್ಟೇಜ್ ‘ಆರ್ಚಿ’ ಎಂಬ ಸಾಧನ ನಿರ್ಮಿಸಿದರು. ಅದು ಹುಡುಕುತ್ತಿದ್ದುದು ಕಡತಗಳ ಹೆಸರುಗಳನ್ನು ಮಾತ್ರ. 1994ರಲ್ಲಿ ಬಂದ ‘ವೆಬ್‌ಕ್ರಾಲರ್’ ಪುಟದ ಒಳಗಿನ ಎಲ್ಲ ಪದಗಳನ್ನೂ ಹುಡುಕಲು ಅನುವು ಮಾಡಿಕೊಟ್ಟಿತು. ಅದೇ ವರ್ಷ ಹುಟ್ಟಿದ ‘ಯಾಹೂ’ ಮನುಷ್ಯರೇ ಕೂತು ವಿಂಗಡಿಸಿದ ವಿಳಾಸಪಟ್ಟಿಯಾಗಿತ್ತು. 1995ರ ಡಿಸೆಂಬರಿನಲ್ಲಿ ಬಂದ ‘ಆಲ್ಟಾವಿಸ್ಟಾ’ ವೇಗದಿಂದ ಜನಪ್ರಿಯವಾಯಿತು.

ಸೂಚಿ ಸಿದ್ಧವಾದ ಮೇಲೆ ಬಂದದ್ದೇ ನಿಜವಾದ ತೊಡಕು. ಒಂದು ಪದ ಲಕ್ಷ ಪುಟಗಳಲ್ಲಿ ಇದ್ದರೆ ಮೊದಲು ಯಾವುದನ್ನು ತೋರಿಸಬೇಕು? ಇದಕ್ಕೆ ಒಂದು ಉತ್ತರ ಅಂತರಜಾಲಕ್ಕಿಂತ ಹಳೆಯದು. 1972ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಒಂದು ಸರಳ ತತ್ವ ಮಂಡಿಸಿದ್ದರು. ಎಲ್ಲ ಕಡೆ ಇರುವ ಪದಕ್ಕೆ ಬೆಲೆ ಕಡಿಮೆ, ಅಪರೂಪದ ಪದಕ್ಕೆ ಬೆಲೆ ಹೆಚ್ಚು. ‘ಸಸ್ಯಗಳಲ್ಲಿ ದ್ಯುತಿಸಂಶ್ಲೇಷಣೆ ಹೇಗೆ ಆಗುತ್ತದೆ’ ಎಂಬ ಪ್ರಶ್ನೆಯಲ್ಲಿ ‘ಹೇಗೆ’ ಎಂಬುದು ಎಲ್ಲ ಪುಟಗಳಲ್ಲೂ ಸಿಗುವ ಪದ. ದಾರಿ ತೋರಿಸುವುದು ‘ದ್ಯುತಿಸಂಶ್ಲೇಷಣೆ’ ಮಾತ್ರ. ಅಂಥ ಪದ ಹೆಚ್ಚು ಸಲ ಬರುವ ಪುಟಕ್ಕೆ ಹೆಚ್ಚು ಅಂಕ.

ಚಾಪೆ ಮತ್ತು ರಂಗೋಲಿ

ಅಂಕ ಕೊಡುವ ಕ್ರಮ ಗೊತ್ತಾದ ಕೂಡಲೇ ಅಂಕ ಕದಿಯುವವರು ಹುಟ್ಟಿಕೊಳ್ಳುತ್ತಾರೆ. ಪದ ಹೆಚ್ಚು ಸಲ ಬಂದರೆ ಅಂಕ ಹೆಚ್ಚೆಂದು ತಿಳಿದ ವ್ಯಾಪಾರಿಗಳು ಒಂದೇ ಪದವನ್ನು ನೂರಾರು ಸಲ ಬರೆದು ಪುಟ ತುಂಬಿಸಿದರು. ಓದುಗರಿಗೆ ಕಾಣಬಾರದೆಂದು ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆದರು. ಕಣ್ಣಿಗೆ ಕಾಣದ ಬರಹ ಯಂತ್ರಕ್ಕೆ ಕಾಣುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್. ಪುಟವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ನಂಬುವ ಬದಲು, ಉಳಿದ ಪುಟಗಳು ಅದರ ಬಗ್ಗೆ ಏನು ಹೇಳುತ್ತವೆ ಎಂಬುದನ್ನು ನೋಡಬೇಕು ಎಂದು ಅವರು ಯೋಚಿಸಿದರು. ಒಂದು ಪುಟ ಇನ್ನೊಂದಕ್ಕೆ ಕೊಟ್ಟ ಕೊಂಡಿಯೇ ಒಂದು ಮತ. ಆದರೆ ಎಲ್ಲ ಮತಗಳ ತೂಕ ಒಂದೇ ಅಲ್ಲ. ಹೆಚ್ಚು ಮತ ಪಡೆದ ಪುಟ ಹಾಕುವ ಮತಕ್ಕೆ ತೂಕ ಹೆಚ್ಚು. ಹತ್ತು ಪುಟಗಳಿಗೆ ಕೊಂಡಿ ಕೊಟ್ಟ ಪುಟದ ತೂಕ ಹತ್ತು ಪಾಲಾಗಿ ಹಂಚಿಹೋಗುತ್ತದೆ. ಊರಿನ ಹಿರಿಯ ವೈದ್ಯರು ಒಬ್ಬರ ಹೆಸರು ಸೂಚಿಸುವುದಕ್ಕೂ ದಾರಿಹೋಕರೊಬ್ಬರು ಹತ್ತು ಹೆಸರು ಹೇಳುವುದಕ್ಕೂ ಇರುವ ವ್ಯತ್ಯಾಸವೇ ಇದು. ‘ಪೇಜ್‌ರ‍್ಯಾಂಕ್’ ಎಂದು ಹೆಸರಾದ ಈ ಲೆಕ್ಕಾಚಾರದ ಪ್ರಬಂಧದಲ್ಲಿ ಭಾರತ ಮೂಲದ ಪ್ರಾಧ್ಯಾಪಕ ರಾಜೀವ್ ಮೋಟ್ವಾನಿಯವರೂ ಸಹಲೇಖಕರು. 1998ರಲ್ಲಿ ಪೇಜ್ ಮತ್ತು ಬ್ರಿನ್ ತಮ್ಮ ಯಂತ್ರದ ವಿವರ ಪ್ರಕಟಿಸಿದಾಗ ಅದರ ಸಂಗ್ರಹದಲ್ಲಿ ಇದ್ದದ್ದು ಸುಮಾರು 2.4 ಕೋಟಿ ಪುಟಗಳು. ಅದೇ ವರ್ಷ ಗೂಗಲ್ ಕಂಪನಿ ಸ್ಥಾಪನೆಯಾಯಿತು.

ಆದರೆ ‘ನೀನು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ’ ಎಂಬ ಗಾದೆ ಇಲ್ಲಿಯೂ ನಿಜವಾಯಿತು. ಕೊಂಡಿಗೆ ಬೆಲೆ ಬಂದ ಕೂಡಲೇ ಕೊಂಡಿಗಳ ವ್ಯಾಪಾರ ಶುರುವಾಯಿತು. ಪರಸ್ಪರ ಕೊಂಡಿ ಕೊಡುವುದಕ್ಕೆಂದೇ ಸಾವಿರಾರು ಪೊಳ್ಳು ಪುಟಗಳು ಹುಟ್ಟಿದವು. 2006ರಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ಜಾಲತಾಣ ಯಂತ್ರಕ್ಕೆ ಒಂದು ಪುಟ, ಓದುಗರಿಗೆ ಬೇರೊಂದು ಪುಟ ತೋರಿಸುತ್ತಿದೆ ಎಂದು ಗೂಗಲ್ ಅದನ್ನು ಕೆಲ ದಿನ ಪಟ್ಟಿಯಿಂದಲೇ ಕಿತ್ತುಹಾಕಿತು. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಪರವಾಗಿ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಕೊಂಡಿಗಳು ಇದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲು ಮಾಡಿತು. ಅವು ತನ್ನ ಒಪ್ಪಿಗೆಯಿಂದ ಆದವಲ್ಲ ಎಂದು ಮಳಿಗೆ ಹೇಳಿತು. ಅದೇ ವರ್ಷ ಗೂಗಲ್ ಕಳಪೆ ಬರಹದ ತಾಣಗಳನ್ನು ಕೆಳಗಿಳಿಸುವ ‘ಪಾಂಡಾ’ ಎಂಬ ಬದಲಾವಣೆಯನ್ನೂ, 2012ರಲ್ಲಿ ಕೊಂಡಿಗಳ ಮೋಸ ತಡೆಯುವ ‘ಪೆಂಗ್ವಿನ್’ ಎಂಬುದನ್ನೂ ಜಾರಿಗೆ ತಂದಿತು.

ಪುಟವನ್ನು ಪಟ್ಟಿಯ ಮೇಲಕ್ಕೆ ತರುವ ಈ ವಿದ್ಯೆಗೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಎಂದು ಹೆಸರು. ಚುಟುಕಾಗಿ ಎಸ್‌ಇಒ. ಇದೆಲ್ಲವೂ ಮೋಸವೆಂದು ತಿಳಿಯಬಾರದು. ವಿಷಯಕ್ಕೆ ತಕ್ಕ ಶೀರ್ಷಿಕೆ, ಚಿತ್ರದಲ್ಲಿ ಏನಿದೆ ಎಂಬ ಬರಹದ ವಿವರ, ಬೇಗ ತೆರೆದುಕೊಳ್ಳುವ, ಮೊಬೈಲಿನಲ್ಲೂ ಸರಿಯಾಗಿ ಕಾಣುವ ಪುಟ, ಇವೆಲ್ಲ ಓದುಗರಿಗೂ ಒಳ್ಳೆಯದೇ. ಉತ್ತರಪತ್ರಿಕೆಯಲ್ಲಿ ಅಕ್ಷರ ದುಂಡಾಗಿ ಬರೆದು, ಚಿತ್ರಕ್ಕೆ ಭಾಗಗಳನ್ನು ಗುರುತಿಸುವಂಥ ಕೆಲಸವದು. ವಿಷಯವೇ ಇಲ್ಲದೆ ಅಂಕ ಗಿಟ್ಟಿಸಲು ಹೊರಟಾಗ ಮಾತ್ರ ಅದು ನಕಲು ಹೊಡೆದಂತೆ.

ಕನ್ನಡದ ಪಾಡು

ಕನ್ನಡಕ್ಕೆ ಇಲ್ಲಿ ಬೇರೆಯೇ ತೊಂದರೆಗಳಿದ್ದವು. ಅಂತರಜಾಲದ ಆರಂಭದ ವರ್ಷಗಳಲ್ಲಿ ಕನ್ನಡ ತಾಣಗಳು ತಮ್ಮ ತಮ್ಮ ಅಕ್ಷರ ವಿನ್ಯಾಸಗಳನ್ನು ಬಳಸುತ್ತಿದ್ದವು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಸಂಗ್ರಹವಾಗಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಹೀಗಾಗಿ ಶೋಧಕ ಯಂತ್ರದ ಮಟ್ಟಿಗೆ ಆ ಕನ್ನಡ ಇರಲೇ ಇಲ್ಲ. ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬಂದ ಮೇಲೆಯೇ ಕನ್ನಡದ ಪುಟಗಳು ಹುಡುಕಿದರೆ ಸಿಗುವಂತಾದವು.

ಇನ್ನೊಂದು ತೊಡಕು ವ್ಯಾಕರಣದ್ದು. ಶಾಲೆ, ಶಾಲೆಯ, ಶಾಲೆಗೆ, ಶಾಲೆಗಳಲ್ಲಿ, ಶಾಲೆಯಿಂದ – ನಮಗೆ ಇವೆಲ್ಲ ಒಂದೇ ಪದದ ರೂಪಗಳು. ಬರಿಯ ಅಕ್ಷರ ಹೊಂದಿಸುವ ಯಂತ್ರಕ್ಕೆ ಐದು ಬೇರೆ ಪದಗಳು. 2019ರಲ್ಲಿ ಗೂಗಲ್ ಅಳವಡಿಸಿದ ‘ಬರ್ಟ್’ನಂಥ ವಿಧಾನಗಳು ಪದಗಳನ್ನು ಬಿಡಿಬಿಡಿಯಾಗಿ ನೋಡದೆ ಇಡೀ ವಾಕ್ಯದ ಸಂದರ್ಭದಲ್ಲಿ ಗ್ರಹಿಸಲು ಯತ್ನಿಸುತ್ತವೆ.

ಈಗ ಮೊದಲಿನ ಘಟನೆಗೆ ಮರಳೋಣ. ಯಾವ ಭಾಷಾಶಾಸ್ತ್ರಜ್ಞನೂ ‘ಕುರೂಪ ಭಾಷೆ’ ಎಂಬ ಮಾತು ಬರೆಯುವುದಿಲ್ಲ, ಏಕೆಂದರೆ ಶಾಸ್ತ್ರದಲ್ಲಿ ಅಂಥ ವರ್ಗವೇ ಇಲ್ಲ. ಹಾಗಾಗಿ ಆ ಪದಗಳನ್ನು ಹುಡುಕಿದಾಗ ಜವಾಬ್ದಾರಿಯುತ ಪುಟಗಳು ಸಿಗುವುದು ದುರ್ಲಭ. ಆ ಖಾಲಿ ಜಾಗದಲ್ಲಿ ಯಾರೋ ಬರೆದಿಟ್ಟ ಒಂದು ಪೊಳ್ಳು ಸಾಲೇ ಗೆದ್ದುಬಿಡುತ್ತದೆ. ಮೈಕ್ರೋಸಾಫ್ಟ್‌ನ ಮೈಕೆಲ್ ಗೊಲೆಬಿಯೆವ್‌ಸ್ಕಿ 2018ರಲ್ಲಿ ಇದನ್ನು ‘ಮಾಹಿತಿಯ ಶೂನ್ಯ’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ಆಳುವವರಿಲ್ಲದ ಹೊಲದಲ್ಲಿ ಕಳೆ ಬೆಳೆದಂತೆ!

ಪಟ್ಟಿ ಹೋಗಿ ಉತ್ತರ ಬಂತು

ಮೊದಲು ಶೋಧಕ ಯಂತ್ರ ಹತ್ತು ಕೊಂಡಿಗಳ ಪಟ್ಟಿ ಕೊಡುತ್ತಿತ್ತು. ಆರಿಸುವ ಕೆಲಸ ಓದುಗರದಾಗಿತ್ತು. 2012ರಿಂದ ವ್ಯಕ್ತಿ, ಸ್ಥಳಗಳ ಸಂಕ್ಷಿಪ್ತ ವಿವರ ಪಕ್ಕದಲ್ಲೇ ಕಾಣತೊಡಗಿತು. ಬಳಿಕ ಯಾವುದೋ ಪುಟದ ಸಾಲುಗಳನ್ನು ಎತ್ತಿ ಮೇಲೆ ತೋರಿಸುವ ಉತ್ತರದ ಚೌಕ ಬಂತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಜನ ಯಂತ್ರದೊಡನೆ ಮಾತಾಡಿ ಉತ್ತರ ಪಡೆಯುವುದಕ್ಕೆ ಒಗ್ಗಿಕೊಂಡರು. 2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ, ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು ಫಲಿತಾಂಶಗಳ ಮೇಲೆಯೇ ಕೊಡತೊಡಗಿತು.

ಇದರಿಂದ ಸಮಯ ಉಳಿಯುವುದು ನಿಜ. ಆದರೆ ಈ ಯಂತ್ರಗಳು ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತ ವಾಕ್ಯ ಕಟ್ಟುತ್ತವೆ. ವಾಕ್ಯ ಸೊಗಸಾಗಿದ್ದ ಮಾತ್ರಕ್ಕೆ ಸಂಗತಿ ಸತ್ಯವಾಗಬೇಕೆಂದಿಲ್ಲ. 2024ರ ಮೇ ತಿಂಗಳಲ್ಲೇ ಪಿಜ್ಜಾದ ಮೇಲೆ ಚೀಸ್ ಅಂಟಿಕೊಳ್ಳಲು ಗೋಂದು ಬೆರೆಸಿ ಎಂಬ ಸಲಹೆ ಗೂಗಲ್‌ನ ಸಾರಾಂಶದಲ್ಲಿ ಕಾಣಿಸಿಕೊಂಡು ನಗೆಪಾಟಲಾಯಿತು. ವರ್ಷಗಳ ಹಿಂದೆ ಯಾರೋ ತಮಾಷೆಗೆ ಬರೆದ ಸಾಲನ್ನು ಯಂತ್ರ ನಿಜವೆಂದು ನಂಬಿತ್ತು.

ಮತ್ತೊಂದು ಚಿಂತೆಯೂ ಇದೆ. ಉತ್ತರ ಮೇಲೆಯೇ ಸಿಕ್ಕರೆ ಮೂಲ ಪುಟವನ್ನು ತೆರೆಯುವವರು ಯಾರು? ಶ್ರಮಪಟ್ಟು ಬರೆದವನ ಪುಟಕ್ಕೆ ಓದುಗರು ಬಾರದಿದ್ದರೆ ಅವನು ಬರೆಯುವುದನ್ನು ನಿಲ್ಲಿಸಿಯಾನು. ಆಗ ಯಂತ್ರ ಹೆಕ್ಕಿ ತರುವುದು ಏನನ್ನು? ಮೇಲಾಟವಂತೂ ನಿಂತಿಲ್ಲ. ಪಟ್ಟಿಯ ತುದಿಗೇರಲು ಹೆಣಗುತ್ತಿದ್ದವರು ಈಗ ಯಂತ್ರದ ಉತ್ತರದೊಳಗೆ ತಮ್ಮ ಹೆಸರು ಸೇರಿಸಲು ಹೆಣಗುತ್ತಿದ್ದಾರೆ.

ಇದರಲ್ಲಿ ಇರುವ ಹಣ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಫೋನು, ಬ್ರೌಸರುಗಳಲ್ಲಿ ತನ್ನ ಶೋಧಕವೇ ಮೊದಲಿರಲೆಂದು ಗೂಗಲ್ 2021ರ ಒಂದೇ ವರ್ಷದಲ್ಲಿ ಬೇರೆ ಕಂಪನಿಗಳಿಗೆ 2,630 ಕೋಟಿ ಡಾಲರ್ ಕೊಟ್ಟಿದ್ದು ಅಮೆರಿಕದ ನ್ಯಾಯಾಲಯದಲ್ಲಿ ಬಹಿರಂಗವಾಯಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಇದು ಕಾನೂನುಬಾಹಿರ ಏಕಸ್ವಾಮ್ಯ ಎಂದು ತೀರ್ಪಿತ್ತರು.

ಮನೆಯಲ್ಲಿ ಪಾಲಿಸಬೇಕಾದ್ದು

ಹುಡುಕುವುದು ಒಂದು ಕೌಶಲ. ಅಭ್ಯಾಸದಿಂದ ಬರುತ್ತದೆ. ಕೆಲವು ಸೂತ್ರಗಳು ಇಲ್ಲಿವೆ.

ಒಂದು, ಪದಗುಚ್ಛವನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆದರೆ ಅದೇ ಗುಚ್ಛವಿರುವ ಪುಟಗಳು ಸಿಗುತ್ತವೆ. ಬೇಡದ ಪದದ ಹಿಂದೆ ಅಂಟಿಸಿ ಕಳೆಯುವ ಚಿಹ್ನೆ ಹಾಕಿದರೆ ಅದಿರುವ ಪುಟಗಳು ಹೊರಗುಳಿಯುತ್ತವೆ.

ಎರಡು, ಮೇಲಿರುವುದೆಲ್ಲ ಮೇಲಾದುದಲ್ಲ. ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳೂ ಮೊದಲೇ ಕಾಣುತ್ತವೆ. ‘ಪ್ರಾಯೋಜಿತ’ ಎಂಬ ಸಣ್ಣ ಸೂಚನೆಯನ್ನು ಗಮನಿಸಬೇಕು. ಕಾಲೇಜು ಆಯ್ಕೆಯಂಥ ವಿಚಾರದಲ್ಲಿ ಇದು ಬಹು ಮುಖ್ಯ.

ಮೂರು, ಪರೀಕ್ಷಾ ಫಲಿತಾಂಶ, ವಿದ್ಯಾರ್ಥಿವೇತನ, ಪ್ರವೇಶ ಅರ್ಜಿಗಳಿಗೆ ಸರ್ಕಾರದ ವಿಳಾಸವನ್ನೇ ತೆರೆಯಬೇಕು. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇದೆಯೇ ನೋಡಬೇಕು.

ನಾಲ್ಕು, ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಶೋಧಕದಲ್ಲಿ ಹುಡುಕಬಾರದು. ವಂಚಕರು ತಮ್ಮ ಸಂಖ್ಯೆಯನ್ನೇ ಮೇಲೆ ಬರುವಂತೆ ಮಾಡಿರುತ್ತಾರೆ. ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯ ಸಂಖ್ಯೆಯನ್ನೇ ಬಳಸಬೇಕು. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಐದು, ಯಂತ್ರ ಬರೆದ ಸಾರಾಂಶವನ್ನು ನೋಟ್‌ಬುಕ್ಕಿಗೆ ಇಳಿಸುವ ಮುನ್ನ ಅದು ಸೂಚಿಸುವ ಮೂಲ ಪುಟವನ್ನು ತೆರೆದು ಓದಬೇಕು. ಯಾರು ಬರೆದರು, ಯಾವಾಗ ಬರೆದರು, ಪಠ್ಯಪುಸ್ತಕ ಏನು ಹೇಳುತ್ತದೆ ಎಂದು ಹೋಲಿಸಬೇಕು.

ಕೊನೆಯದಾಗಿ, ಕೇಳುವ ಪ್ರಶ್ನೆಯೇ ಸರಿಯೇ ಎಂದು ಒಮ್ಮೆ ಯೋಚಿಸಬೇಕು. ಕೆಟ್ಟ ಪ್ರಶ್ನೆಗೂ ಯಂತ್ರ ಒಂದು ಉತ್ತರ ಹುಡುಕಿಕೊಡುತ್ತದೆ ಎಂಬುದೇ 2021ರ ಪಾಠ.

ಆ ಪಾಠಕ್ಕೆ ಇನ್ನೊಂದು ಮಗ್ಗುಲಿದೆ. ಕನ್ನಡದಲ್ಲಿ ಖಾಲಿ ಜಾಗಗಳು ಇನ್ನೂ ಬಹಳ. ತಮ್ಮ ಊರಿನ ಕೆರೆ, ತಮ್ಮ ಭಾಗದ ಬೆಳೆ, ಹಕ್ಕಿ, ಮರ, ಶಾಸನ, ವಿಜ್ಞಾನದ ಒಂದು ಪಾಠ – ಇವುಗಳ ಬಗ್ಗೆ ಪರಿಶೀಲಿಸಿ ಬರೆದ ಒಂದೊಂದು ಪುಟವೂ ಒಂದು ಶೂನ್ಯವನ್ನು ತುಂಬುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದಕ್ಕೆ ಯಾರು ಬೇಕಾದರೂ ಬಳಸಬಹುದಾದ ವೇದಿಕೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಶಿಕ್ಷಕರ ನೆರವಿನಿಂದ ಮಾಡಬಹುದಾದ ಕೆಲಸವಿದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಕಂಡದ್ದಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.