ವಿದ್ಯೆಯ ಬೆಲೆ ಏರುವ ಬಗೆ

ಚೌಕಾಬಾರದಲ್ಲಾಗಲಿ ಚದುರಂಗದಲ್ಲಾಗಲಿ ಕಾಯಿಯ ನಡೆ ಆಟದ ಮೊದಲಿನಿಂದ ಕೊನೆಯವರೆಗೆ ಒಂದೇ. ಕುದುರೆ ಮೊದಲನೆಯ ಸಲ ಹೇಗೆ ಹಾರುವುದೋ ನಲವತ್ತನೆಯ ಸಲವೂ ಹಾಗೆಯೇ ಹಾರುತ್ತದೆ. ಆದರೆ ಈಗ ಕಂಪ್ಯೂಟರಿನ ಮುಂದೆ ಕುಳಿತು ಆಡುವ ರಾಜ್ಯ ಕಟ್ಟುವ ಆಟಗಳಲ್ಲಿ ಹಾಗಲ್ಲ. ಅಲ್ಲಿ ಆಟ ಮುಂದುವರಿದಂತೆಲ್ಲ ಒಂದೊಂದು ಹೆಜ್ಜೆಯ ಬೆಲೆಯೂ ಏರುತ್ತ ಹೋಗುತ್ತದೆ. ಮನೆಯ ಹಿರಿಯರ ಕಣ್ಣಿಗೆ ಪರದೆಯ ಮೇಲೆ ಓಡಾಡುವ ಸೈನಿಕರೂ ಕೋಟೆಗಳೂ ಮಾತ್ರ ಕಾಣುತ್ತವೆ. ಅವುಗಳ ಹಿಂದೆ ಶಾಲೆಯ ಗಣಿತದಿಂದಲೇ ಬಿಡಿಸಬಹುದಾದ ಒಂದು ಲೆಕ್ಕ ಅಡಗಿದೆ. ಆ ಲೆಕ್ಕವನ್ನು ಬಲ್ಲವನು ಗೆಲ್ಲುತ್ತಾನೆ. ಅರಿಯದವನು ಎಷ್ಟು ಶೂರನಾದರೂ ಹಿಂದೆ ಬೀಳುತ್ತಾನೆ.

ಈ ಬಗೆಯ ಆಟಗಳಲ್ಲಿ ಪ್ರಸಿದ್ಧವಾದದ್ದು ‘ಸಿವಿಲೈಜೇಷನ್’. ಅಮೆರಿಕದ ಸಿಡ್ ಮೇಯರ್ ಎಂಬುವರು ಬ್ರೂಸ್ ಶೆಲ್ಲಿಯವರೊಡನೆ ರೂಪಿಸಿದ ಈ ಆಟವನ್ನು ಮೈಕ್ರೋಪ್ರೋಸ್ ಸಂಸ್ಥೆ ೧೯೯೧ರಲ್ಲಿ ಹೊರತಂದಿತು. ಅದಕ್ಕೂ ಮೊದಲು, ೧೯೮೦ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಷಾಮ್ ಅದೇ ಹೆಸರಿನ ಹಲಗೆಯಾಟವೊಂದನ್ನು ರಚಿಸಿದ್ದರು. ೧೯೯೫ರ ನವೆಂಬರಿನಲ್ಲಿ ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾನಿಲಯದ ಮೂವರು ವಿದ್ಯಾರ್ಥಿಗಳು ಇದೇ ಮಾದರಿಯ ಮತ್ತೊಂದು ಆಟವನ್ನು ಬರೆಯತೊಡಗಿದರು. ಅದರ ಹೆಸರು ‘ಫ್ರೀಸಿವ್’. ಅದು ಯಾರಿಗಾದರೂ ಹಣವಿಲ್ಲದೆ ದೊರೆಯುತ್ತದೆ. ಅದರ ನಿಯಮಗಳೆಲ್ಲ ಬಯಲಿನಲ್ಲಿವೆ. ಆದ್ದರಿಂದ ನಮ್ಮ ವಿಚಾರಕ್ಕೆ ಅದೇ ಅನುಕೂಲ.

ಆಟದ ಕ್ರಮ ಹೀಗಿದೆ. ಆಟಗಾರನು ಒಂದೆರಡು ಊರುಗಳಿಂದ ರಾಜ್ಯವನ್ನು ಆರಂಭಿಸುತ್ತಾನೆ. ಅಕ್ಷರ, ಕುಂಬಾರಿಕೆ, ಕಂಚಿನ ಕೆಲಸ ಮೊದಲಾದ ವಿದ್ಯೆಗಳನ್ನು ಒಂದೊಂದಾಗಿ ಸಂಪಾದಿಸುತ್ತಾನೆ. ಒಂದು ವಿದ್ಯೆ ಬಂದಲ್ಲದೆ ಅದರ ಮುಂದಿನದು ಸಿಕ್ಕದು. ಅಕ್ಷರ ತಿಳಿಯದೆ ಬರವಣಿಗೆಯಿಲ್ಲ. ಊರುಗಳಲ್ಲಿ ಪ್ರತಿ ಸರದಿಗೂ ಇಷ್ಟಿಷ್ಟು ಜ್ಞಾನ ಹುಟ್ಟುತ್ತದೆ. ಫ್ರೀಸಿವ್‌ನಲ್ಲಿ ಇದನ್ನು ‘ಬಲ್ಬ್’ಗಳಲ್ಲಿ ಎಣಿಸುತ್ತಾರೆ. ಬೇಕಾದಷ್ಟು ಬಲ್ಬುಗಳು ಕೂಡಿದಾಗ ಹೊಸ ವಿದ್ಯೆ ಕೈಸೇರುತ್ತದೆ. ಹಾಗಾದರೆ ಒಂದು ವಿದ್ಯೆಗೆ ಎಷ್ಟು ಬಲ್ಬು ಬೇಕು? ಪ್ರಶ್ನೆಯಿರುವುದು ಇಲ್ಲಿಯೇ.

ಇದಕ್ಕೆ ಫ್ರೀಸಿವ್‌ನಲ್ಲಿ ಹಲವು ಪದ್ಧತಿಗಳಿವೆ. ಅವುಗಳಲ್ಲಿ ಎರಡನ್ನು ನೋಡೋಣ. ಮೊದಲನೆಯದು ಹಳೆಯ ಸಿವಿಲೈಜೇಷನ್ ಆಟಗಳ ರೀತಿ. ಇದರಲ್ಲಿ ಆಟಗಾರನು ಕಲಿತ ಪ್ರತಿಯೊಂದು ವಿದ್ಯೆಯೂ ಮುಂದಿನ ವಿದ್ಯೆಯ ಬೆಲೆಗೆ ಒಂದು ಮೂಲಬೆಲೆಯನ್ನು ಸೇರಿಸುತ್ತದೆ. ಮೂಲಬೆಲೆ ೨೦ ಎಂದಿಟ್ಟುಕೊಂಡರೆ ಮೊದಲನೆಯ ವಿದ್ಯೆಗೆ ೨೦, ಎರಡನೆಯದಕ್ಕೆ ೪೦, ಮೂರನೆಯದಕ್ಕೆ ೬೦. ಹೀಗೆ ಬೆಲೆ ಸಮನಾಗಿ ಏರುತ್ತದೆ.

ಸಮನಾದ ಏರಿಕೆಯಲ್ಲವೇ, ಇದರಲ್ಲಿ ಹೆಚ್ಚೇನಿದೆ ಎನ್ನಿಸಬಹುದು. ಮೆಟ್ಟಿಲು ಕಟ್ಟುವ ಗಾರೆಯವನನ್ನು ಕೇಳಿ. ಮೊದಲ ಮೆಟ್ಟಿಲಿಗೆ ಒಂದು ವರಸೆ ಇಟ್ಟಿಗೆ, ಎರಡನೆಯದಕ್ಕೆ ಎರಡು, ಹತ್ತನೆಯದಕ್ಕೆ ಹತ್ತು. ಮೆಟ್ಟಿಲುಗಳ ಸಂಖ್ಯೆ ಎರಡರಷ್ಟಾದರೆ ಇಟ್ಟಿಗೆ ಹೆಚ್ಚುಕಡಿಮೆ ನಾಲ್ಕರಷ್ಟು ಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿಯೂ ಹೀಗೆಯೇ. ಮೊದಲ ೧೦ ವಿದ್ಯೆಗಳಿಗೆ ಒಟ್ಟು ೧,೧೦೦ ಬಲ್ಬುಗಳು ಸಾಕು. ಮೊದಲ ೪೦ಕ್ಕೆ ೧೬,೪೦೦ ಬೇಕು. ೮೦ ವಿದ್ಯೆಗಳಿಗೆ ೬೪,೮೦೦. ಕೊನೆಯ ಹತ್ತಕ್ಕೇ, ಎಂದರೆ ೭೧ರಿಂದ ೮೦ರವರೆಗಿನವಕ್ಕೆ, ೧೫,೧೦೦ ಬಲ್ಬುಗಳು ಹೋಗುತ್ತವೆ. ಅರ್ಧ ದಾರಿ ನಡೆದೆನೆಂದು ಹಿಗ್ಗುವ ಆಟಗಾರನು ನಿಜವಾಗಿ ಕಾಲುಭಾಗದ ಬೆಲೆಯನ್ನು ಮಾತ್ರ ತೆತ್ತಿರುತ್ತಾನೆ. ಇಂಥ ಏರಿಕೆಯ ಸಾಲಿಗೆ ನಮ್ಮ ಹಿಂದಿನ ಗಣಿತಜ್ಞರು ‘ಶ್ರೇಢಿ’ ಎಂದು ಹೆಸರಿಟ್ಟಿದ್ದರು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಶ್ರೇಢಿಯ ಮೊತ್ತವನ್ನು ತೆಗೆಯುವ ಸೂತ್ರಗಳನ್ನು ಕೊಟ್ಟಿದ್ದಾನೆ. ಇಂದಿನ ಆಟಗಾರನಿಗೆ ಬೇಕಾದುದೂ ಅದೇ ಸೂತ್ರ.

ಎರಡನೆಯ ಪದ್ಧತಿಯಲ್ಲಿ ಬೆಲೆ ಆಟಗಾರನನ್ನು ಅವಲಂಬಿಸದೆ ವಿದ್ಯೆಯನ್ನೇ ಅವಲಂಬಿಸಿರುತ್ತದೆ. ಒಂದು ವಿದ್ಯೆಗೆ ಆಧಾರವಾಗಿ ಬೇಕಾಗುವ ವಿದ್ಯೆಗಳೆಲ್ಲವನ್ನೂ, ಅದನ್ನೂ ಸೇರಿಸಿ, ಎಣಿಸಬೇಕು. ಅದಕ್ಕೆ ಒಂದು ಕೂಡಿಸಬೇಕು. ಬಂದ ಸಂಖ್ಯೆಯನ್ನು ಅದರ ವರ್ಗಮೂಲದಿಂದ ಗುಣಿಸಿ, ಮತ್ತೆ ಮೂಲಬೆಲೆಯ ಅರ್ಧದಿಂದ ಗುಣಿಸಬೇಕು. ಸಂಖ್ಯೆ ೪ ಆದರೆ, ಅದರ ವರ್ಗಮೂಲ ೨, ನಾಲ್ಕೆರಡಲ ಎಂಟು, ಹತ್ತರಿಂದ ಗುಣಿಸಿದರೆ ೮೦. ಸಂಖ್ಯೆ ೧೬ ಆದರೆ ಬೆಲೆ ೬೪೦. ಸಂಖ್ಯೆ ೬೪ ಆದರೆ ೫,೧೨೦. ಸಂಖ್ಯೆ ನಾಲ್ಕು ಪಟ್ಟಾದಾಗಲೆಲ್ಲ ಬೆಲೆ ಎಂಟು ಪಟ್ಟಾಗುವುದನ್ನು ಗಮನಿಸಿ.

ಎರಡು ಪದ್ಧತಿಗಳಿಗೂ ಇರುವ ಭೇದ ಆಟದಲ್ಲಿ ಬಹಳ ಮುಖ್ಯ. ಆಟಗಾರನೊಬ್ಬನಿಗೆ ೨೦ ವಿದ್ಯೆಗಳು ಬಂದಿವೆ, ಅವನಿಗೆ ತುರ್ತಾಗಿ ಬೇಕಾದ ವಿದ್ಯೆ ಒಂದೇ ಹೆಜ್ಜೆ ಮುಂದಿದೆ ಎಂದುಕೊಳ್ಳಿ. ಮೊದಲನೆಯ ಪದ್ಧತಿಯಲ್ಲಿ ಅದರ ಬೆಲೆ ೪೨೦. ಅವನು ಅದನ್ನು ಬಿಟ್ಟು ಬೇರೊಂದನ್ನು ಮೊದಲು ಕಲಿತರೆ ಅದಕ್ಕೆ ೪೨೦ ತೆರುವುದಲ್ಲದೆ, ಬೇಕಾದದ್ದಕ್ಕೆ ೪೪೦ ತೆರಬೇಕಾಗುತ್ತದೆ. ಇಲ್ಲಿ ಅಗ್ಗದ ವಿದ್ಯೆ ಎಂಬುದೇ ಇಲ್ಲ. ಮುಂದೆ ಯಾವುದನ್ನು ಆರಿಸಿದರೂ ಬೆಲೆ ಒಂದೇ. ಆದ್ದರಿಂದ ಹೆಚ್ಚು ಉಪಯೋಗದ್ದನ್ನು ಮೊದಲು ತೆಗೆದುಕೊಳ್ಳುವುದೇ ಜಾಣತನ. ಎರಡನೆಯ ಪದ್ಧತಿಯಲ್ಲಾದರೋ ಹೆಚ್ಚಿನದೊಂದನ್ನು ಕಲಿತರೆ ಅದರ ಬೆಲೆಯಷ್ಟೇ ಖರ್ಚು. ಮಿಕ್ಕವುಗಳ ಬೆಲೆ ಕದಲುವುದಿಲ್ಲ.

ತನ್ನೆದುರಿನ ಆಟ ಯಾವ ಪದ್ಧತಿಯದೆಂದು ತಿಳಿಯುವುದು ಹೇಗೆ? ನಿಯಮದ ಪುಸ್ತಕ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಕಾಗದ, ಒಂದು ಪೆನ್ಸಿಲ್ ಸಾಕು. ಪ್ರತಿ ವಿದ್ಯೆಯ ಬೆಲೆಯನ್ನೂ ಬರೆದಿಟ್ಟುಕೊಳ್ಳಿ. ಒಂದರಿಂದ ಹಿಂದಿನದನ್ನು ಕಳೆಯಿರಿ. ವ್ಯತ್ಯಾಸ ಸದಾ ಒಂದೇ ಬಂದರೆ ಅದು ಸಮ ಏರಿಕೆ. ವ್ಯತ್ಯಾಸವೇ ಬೆಳೆಯುತ್ತ ಹೋದರೆ, ಸಂಖ್ಯೆ ಎರಡರಷ್ಟಾದಾಗ ಬೆಲೆ ಎಷ್ಟು ಪಟ್ಟಾಯಿತೆಂದು ನೋಡಿ. ಸುಮಾರು ೨.೮ ಪಟ್ಟಾದರೆ ಅದು ಮೇಲೆ ಹೇಳಿದ ವರ್ಗಮೂಲದ ಪದ್ಧತಿ. ೪ ಪಟ್ಟಾದರೆ ಬೆಲೆ ಸಂಖ್ಯೆಯ ವರ್ಗದಂತೆ ಏರುತ್ತಿದೆ. ಇಂಥ ಆಟಗಳಲ್ಲಿ ಭೂಪಟದ ಗಾತ್ರ, ಆಟದ ವೇಗ ಮೊದಲಾದವುಗಳಿಗೆ ತಕ್ಕಂತೆ ಎಲ್ಲ ಬೆಲೆಗಳನ್ನೂ ಒಂದು ಗುಣಕದಿಂದ ಹೆಚ್ಚಿಸುವುದೋ ತಗ್ಗಿಸುವುದೋ ಉಂಟು. ಒಂದು ಬೆಲೆಯನ್ನು ಇನ್ನೊಂದರಿಂದ ಭಾಗಿಸಿದಾಗ ಆ ಗುಣಕ ಮೇಲೂ ಕೆಳಗೂ ಹೊಡೆದುಹೋಗುವುದರಿಂದ ನಮ್ಮ ಪರೀಕ್ಷೆಗೆ ಅದು ಅಡ್ಡಿಯಾಗುವುದಿಲ್ಲ.

ಬೆಲೆ ಏರಿತೆಂದ ಮಾತ್ರಕ್ಕೆ ಆಟ ನಿಂತುಹೋಗಬೇಕಾಗಿಲ್ಲ. ಮುಖ್ಯವಾದುದು ಬೆಲೆಯನ್ನು ಆದಾಯದಿಂದ ಭಾಗಿಸಿದ ಫಲ. ಸರದಿಗೆ ೧೦ ಬಲ್ಬು ಹುಟ್ಟುವ ರಾಜ್ಯಕ್ಕೆ ೨೦ ಬಲ್ಬಿನ ವಿದ್ಯೆ ಎರಡು ಸರದಿಗಳಲ್ಲಿ ಬರುತ್ತದೆ. ಅದೇ ಆದಾಯದಲ್ಲಿ ನಲವತ್ತನೆಯ ವಿದ್ಯೆಗೆ, ಎಂದರೆ ೮೦೦ ಬಲ್ಬುಗಳಿಗೆ, ೮೦ ಸರದಿ ಕಾಯಬೇಕು. ಆದಾಯ ೧೦೦ಕ್ಕೆ ಏರಿದ್ದರೆ ಎಂಟೇ ಸರದಿ. ಗ್ರಂಥಾಲಯವನ್ನೂ ವಿಶ್ವವಿದ್ಯಾನಿಲಯವನ್ನೂ ಕಟ್ಟದೆ ಬರಿಯ ಸೈನ್ಯವನ್ನೇ ಬೆಳೆಸಿದ ರಾಜನು ನಡುವಯಸ್ಸಿನಲ್ಲಿ ಏಕೆ ಕುಸಿಯುತ್ತಾನೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಊರುಗಳನ್ನು ಹೆಚ್ಚಿಸುತ್ತ ಹೋಗುವುದೇ ಉಪಾಯವೇ? ಈ ದಾರಿಗೂ ಒಂದು ಸುಂಕದಕಟ್ಟೆಯನ್ನು ಇಟ್ಟವರಿದ್ದಾರೆ. ಸಿವಿಲೈಜೇಷನ್ ಮಾಲೆಯ ಐದನೆಯ ಆಟ ೨೦೧೦ರಲ್ಲಿ ಹೊರಬಂತು. ೨೦೧೩ರಲ್ಲಿ ಅದಕ್ಕೆ ಸೇರಿದ ವಿಸ್ತರಣದಲ್ಲಿ, ಸಾಧಾರಣ ಗಾತ್ರದ ಭೂಪಟದ ಮೇಲೆ, ಹೊಸ ನಗರ ಒಂದು ಸೇರಿದರೆ ವಿದ್ಯೆಗಳ ಬೆಲೆಗೆ ಮೂಲದ ಶೇಕಡ ೫ರಷ್ಟು ಸೇರುವಂತೆ ಮಾಡಿದರು. ಈಗಾಗಲೇ ನೂರರ ಬೆಲೆ ೧೨೦ಕ್ಕೆ ಏರಿದೆ. ಇನ್ನೊಂದು ನಗರ ಸೇರಿದರೆ ೧೨೫ ಆಗುತ್ತದೆ. ಎಂದರೆ ಏರಿಕೆ ಇಪ್ಪತ್ತನಾಲ್ಕರಲ್ಲಿ ಒಂದು ಭಾಗ. ರಾಜ್ಯದ ಆದಾಯ ಸರದಿಗೆ ೪೮ ಇದ್ದರೆ ಹೊಸ ನಗರ ಕನಿಷ್ಠ ೨ನ್ನು ತರಬೇಕು. ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡಕ್ಕಿಂತ ಹೆಚ್ಚು ತಂದರೆ ವಿದ್ಯೆಗೆ ಲಾಭ. ಮುಂದೆ ಬೆಲೆ ೧೬೦ಕ್ಕೂ ಆದಾಯ ೯೬ಕ್ಕೂ ಏರಿದಾಗ ಇನ್ನೊಂದು ನಗರವನ್ನು ಕಟ್ಟಿದರೆ, ಅದು ೩ನ್ನು ತಂದರೆ ಮಾತ್ರ ಸರಿದೂಗುತ್ತದೆ. ಹೊಸ ನಗರ ಕೂಸಿನಂತೆ. ಬೆಳೆದು ಗಳಿಸುವವರೆಗೆ ಸಾಕಬೇಕು. ಆಟ ಮುಗಿಯಲು ಸ್ವಲ್ಪವೇ ಸರದಿಗಳು ಉಳಿದಿದ್ದರೆ ಸಾಕಿದ ಖರ್ಚು ಹಿಂದಿರುಗುವುದಿಲ್ಲ.

ಇನ್ನೊಂದು ನಿಯಮವನ್ನು ಹೇಳದೆ ಈ ವಿಷಯ ಪೂರ್ಣವಾಗದು. ಫ್ರೀಸಿವ್‌ನಲ್ಲಿ ‘ವಿದ್ಯೆಯ ಸೋರಿಕೆ’ ಎಂಬ ಏರ್ಪಾಡು ಉಂಟು. ನಮ್ಮ ರಾಯಭಾರಿಯಿರುವ ರಾಜ್ಯಗಳಲ್ಲಿ ಒಂದು ವಿದ್ಯೆ ಈಗಾಗಲೇ ತಿಳಿದಿದ್ದರೆ, ಅಂಥ ರಾಜ್ಯಗಳು ಹೆಚ್ಚಾದಷ್ಟೂ ನಮಗೆ ಅದರ ಬೆಲೆ ಇಳಿಯುತ್ತದೆ. ಮುಂದೆ ಹೋದವನು ಪೂರ್ತಿ ಬೆಲೆ ತೆರುತ್ತಾನೆ, ಹಿಂದೆ ಬಂದವನಿಗೆ ರಿಯಾಯಿತಿ ದೊರೆಯುತ್ತದೆ. ಆದರೆ ನೆರೆಯವರೊಡನೆ ಹೋಗಿಬರುವ ಬಳಕೆ ಇಲ್ಲದವನಿಗೆ ಈ ರಿಯಾಯಿತಿ ಇಲ್ಲ. ಬಾಗಿಲು ಹಾಕಿಕೊಂಡು ಕುಳಿತ ರಾಜ್ಯ ಪ್ರತಿಯೊಂದನ್ನೂ ತಾನೇ ಹೊಸದಾಗಿ ಕಂಡುಹಿಡಿಯಬೇಕಾಗುತ್ತದೆ.

ಇದೆಲ್ಲ ಆಟದ ಕಲ್ಪನೆಯಷ್ಟೆಯೆ? ಹಾಗೆನ್ನುವಂತಿಲ್ಲ. ಟ್ರಾನ್ಸಿಸ್ಟರನ್ನು ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದರು. ಏಳು ವರ್ಷಗಳಲ್ಲಿ ಅದು ಜೇಬಿನ ರೇಡಿಯೋ ಆಗಿ ಅಂಗಡಿಗೆ ಬಂತು. ಮುಂದೆ ನಮ್ಮ ಮನೆಗಳಿಗೂ ಬಂತು. ಅದನ್ನು ಆಮೇಲೆ ತಯಾರಿಸಿದ ದೇಶಗಳು ಮೊದಲ ಶೋಧನೆಯ ಶ್ರಮವನ್ನು ಮತ್ತೆ ಪಡಬೇಕಾಗಲಿಲ್ಲ. ಒಂದು ಚಿಪ್ಪಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದಿತೆಂಬುದು ಹಲವರಿಗೆ ಗೊತ್ತು. ೨೦೨೦ರಲ್ಲಿ ಅಮೆರಿಕದ ನಾಲ್ವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಲೇಖನದ ಪ್ರಕಾರ, ಆ ಇಮ್ಮಡಿಯನ್ನು ಉಳಿಸಿಕೊಳ್ಳಲು ೧೯೭೦ರ ದಶಕದ ಆರಂಭದಲ್ಲಿ ಬೇಕಾಗಿದ್ದ ಸಂಶೋಧಕರಿಗಿಂತ ೧೮ ಪಟ್ಟಿಗೂ ಹೆಚ್ಚು ಜನ ಬೇಕಾಗಿದ್ದಾರೆ. ಹೆಜ್ಜೆ ಅಷ್ಟೇ, ಬೆಲೆ ಮಾತ್ರ ಏರಿದೆ. ಆಟವನ್ನು ರಚಿಸಿದವರು ಬೇಸರ ಬರದಂತೆ ಹೊತ್ತು ಕಳೆಯಲೆಂದು ಇಟ್ಟ ಏರಿಕೆಗೂ ಪ್ರಪಂಚದ ನಡೆಗೂ ಹೀಗೆ ಒಂದು ಹೋಲಿಕೆ ಕಾಣುತ್ತದೆ.

ಆದ್ದರಿಂದ ಮನೆಯ ಹುಡುಗನೋ ಹುಡುಗಿಯೋ ಇಂಥ ಆಟದಲ್ಲಿ ಮುಳುಗಿದ್ದಾಗ ಹಿರಿಯರು ಪಕ್ಕದಲ್ಲಿ ಕುಳಿತು ಒಂದೆರಡು ಪ್ರಶ್ನೆ ಕೇಳಬಹುದು: ಮುಂದಿನ ವಿದ್ಯೆಗೆ ಎಷ್ಟು ಬೇಕು? ಹಿಂದಿನದಕ್ಕೆ ಎಷ್ಟಾಯಿತು? ಹೊಸ ಊರು ತನ್ನ ಖರ್ಚನ್ನು ತಾನು ಎಂದಿಗೆ ತೀರಿಸುತ್ತದೆ? ಉತ್ತರ ಬಾಯಿಗೆ ಬರದಿದ್ದರೆ ಕಾಗದ ತರಿಸಿ. ಒಂದು ಸಂಜೆಯ ಮಟ್ಟಿಗಾದರೂ ಗಣಿತವೂ ಆಟವೂ ಒಂದೇ ಮಣೆಯ ಮೇಲೆ ಕುಳಿತಂತಾಗುತ್ತದೆ.