ಡಿಸೆಂಬರ್ ಬೇಸಿಗೆಯ ಪಾಲುಬುಟ್ಟಿ: ನ್ಯೂಜಿಲೆಂಡಿನ ಸಮುದಾಯ ತೋಟಗಳ ಬಗೆಗಿನ ನಂಬಿಕೆ ಮತ್ತು ನಿಜ

ನ್ಯೂಜಿಲೆಂಡಿನ ಸಮುದಾಯ ಬೆಂಬಲಿತ ತೋಟಗಳನ್ನು, ಅಂದರೆ ಉಣ್ಣುವ ಕುಟುಂಬಗಳು ಹಂಗಾಮಿನ ಫಸಲಿನಲ್ಲಿ ಮೊದಲೇ ಪಾಲು ಕೊಂಡು ನಿಲ್ಲಿಸಿಕೊಂಡಿರುವ ಚಿಕ್ಕ ಹಣ್ಣು-ತರಕಾರಿ ತೋಟಗಳನ್ನು, ಮನೆಗೆ ತರಕಾರಿ ಕಳಿಸುವ ಅಂಗಡಿಯ ಇನ್ನೊಂದು ರೂಪವೆಂದು ತಿಳಿಯುವವರು ಬಹಳ ಮಂದಿ. ಉಳಿದ ಎಷ್ಟೋ ತಪ್ಪು ಕಲ್ಪನೆಗಳು ಈ ಒಂದರಿಂದಲೇ ಕವಲೊಡೆಯುತ್ತವೆ. ಅಂಗಡಿಯಲ್ಲಿ ಕೊಳ್ಳುವವರು ತೂಕಕ್ಕೆ ಹಣ ಕೊಡುತ್ತಾರೆ. ಪಾಲುದಾರರು ಹಂಗಾಮಿಗೆ ಮುಂಚೆಯೋ ಗೊತ್ತಾದ ಕಂತುಗಳಲ್ಲೋ ಕೊಡುವ ಹಣ ಮಾತ್ರ ಬೀಜ, ಗೊಬ್ಬರ, ಕೂಲಿಗಳಿಗೆ ಸಲ್ಲುತ್ತದೆ, ಬಂದ ಫಸಲು ಹೆಚ್ಚಿರಲಿ ಕಡಿಮೆಯಿರಲಿ ವಾರವಾರದ ಬುಟ್ಟಿಯಾಗಿ ಅವರೊಳಗೇ ಹಂಚಿಹೋಗುತ್ತದೆ. ಕಣದಲ್ಲಿ ರಾಶಿ ಮಾಡುವಾಗ ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಆಯ ಅಳೆದುಕೊಡುತ್ತಿದ್ದ ಹಳ್ಳಿಯ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಪಾಲಿನ ಈ ಲೆಕ್ಕ ತೀರ ಹೊಸದೆನಿಸದು. ಆದರೆ ಅಲ್ಲಿ ವರ್ಷವಿಡೀ ದುಡಿದವರಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿತ್ತು, ಇಲ್ಲಿ ದುಡಿಯುವವರಿಗೆ ಸುಗ್ಗಿಗೆ ಮೊದಲೇ ಹಣ ಸಲ್ಲುತ್ತದೆ, ಮತ್ತು ಯಾರೂ ಹುಟ್ಟಿನಿಂದ ಈ ಸಂಬಂಧಕ್ಕೆ ಕಟ್ಟುಬಿದ್ದಿರುವುದಿಲ್ಲ.

ಮೊದಲೇ ಪಾಲು ಕೊಳ್ಳುವ ಈ ಪದ್ಧತಿ ಅಮೆರಿಕದಲ್ಲಿ ಹುಟ್ಟಿತೆಂಬ ಮಾತೂ ಪೂರ್ತಿ ಸರಿಯಲ್ಲ. ಜಪಾನಿನಲ್ಲಿ ರೈತರನ್ನೂ ಗೃಹಿಣಿಯರ ಗುಂಪುಗಳನ್ನೂ ನೇರವಾಗಿ ಬೆಸೆದ ‘ತೇಯ್ಕೇಯ್’ ಚಳವಳಿ 1970ರ ದಶಕದಲ್ಲೇ ಬೆಳೆದಿತ್ತು. 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಶುರುವಾದ ಅಮೆರಿಕದ ಮೊದಲ ಎರಡು ತೋಟಗಳಿಗೆ ಪ್ರೇರಣೆ ಸಿಕ್ಕಿದ್ದು ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಗಳಿಂದ. ನ್ಯೂಜಿಲೆಂಡಿನಲ್ಲಿ ಇಂಥ ತೋಟಗಳು ಹಳ್ಳಿಗಾಡಿಗಷ್ಟೇ ಸೀಮಿತವಾಗಿಲ್ಲ. ವೆಲಿಂಗ್ಟನ್ ನಗರದ ನ್ಯೂಟೌನ್ ಬಡಾವಣೆಯ ಕೈಸೈಕಲ್ ಎಂಬ ಸಂಸ್ಥೆ ಮನೆಮನೆಯ ಅಡುಗೆ ಕಸವನ್ನು ಸೈಕಲ್ಲುಗಳಲ್ಲಿ ತಂದು, ಕಾಂಪೋಸ್ಟ್ ಮಾಡಿ, ಅದರಲ್ಲೇ ತರಕಾರಿ ಬೆಳೆಯುತ್ತದೆ; ಆ ಹೆಸರಿನ ‘ಕೈ’ ಮಾವೊರಿ ಭಾಷೆಯಲ್ಲಿ ಆಹಾರವಾದರೂ ಕನ್ನಡದ ಅರ್ಥವೂ ಅದಕ್ಕೆ ಒಪ್ಪದಿರುವುದಿಲ್ಲ.

ಬೇಸಿಗೆಯೆಂದರೆ ಹೊಲಕ್ಕೆ ಬಿಡುವು ಎಂಬ ಬಯಲುಸೀಮೆಯ ಒಕ್ಕಲುತನದ ಅನುಭವವನ್ನು ದಕ್ಷಿಣ ಗೋಳಕ್ಕೆ ಒಯ್ದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಬೇಸಿಗೆಯೇ ಬೆಳೆಯ ಉಚ್ಚಕಾಲ. ಕ್ರಿಸ್‌ಮಸ್ ಊಟಕ್ಕೆ ಸ್ಟ್ರಾಬೆರಿ ಮತ್ತು ಎಳೆಯ ಆಲೂಗಡ್ಡೆ, ಆಮೇಲೆ ಟೊಮೆಟೊ, ಹುರುಳಿಕಾಯಿ, ಪ್ಲಮ್‌ಗಳು ಒಂದರ ಬೆನ್ನಿಗೊಂದು ಬರುತ್ತವೆ. ಇದಕ್ಕೆ ಹೊಂದಿಕೊಂಡಂತೆ, ಬೇಸಿಗೆ ಕೇವಲ ಕೀಳುವ ಕಾಲ ಎಂಬ ಇನ್ನೊಂದು ನಂಬಿಕೆ ಪಾಲುದಾರರಲ್ಲೇ ಇದೆ. ನಿಜದಲ್ಲಿ ಚಳಿಗಾಲದ ಬುಟ್ಟಿ ತಯಾರಾಗುವುದು ಈ ತಿಂಗಳುಗಳಲ್ಲಿಯೇ: ಈರುಳ್ಳಿಯ ಜಾತಿಯ ಲೀಕ್, ಎಲೆಕೋಸು, ಬ್ರೊಕೊಲಿಗಳ ಸಸಿಗಳನ್ನು ಬಿಸಿಲಿನಲ್ಲೇ ನೆಟ್ಟು, ಹಗಲು ಕುಗ್ಗುವ ಮೊದಲು ಬಲಿಸಬೇಕು. ಹೀಗೆ ನೆಟ್ಟದ್ದು ಚಳಿಗಾಲವನ್ನು ದಾಟಿಸುತ್ತದೆ. ಹಳೆಯ ಬೆಳೆ ಮುಗಿದು ಹೊಸದು ಕೈಗೆ ಬಾರದ ನಿಜವಾದ ಕೊರತೆ ಕಾಣಿಸುವುದು ವಸಂತದಲ್ಲಿ, ಅಂದರೆ ಸೆಪ್ಟೆಂಬರಿನಿಂದ ನವೆಂಬರಿನ ನಡುವೆ. ಬೆಳ್ಳುಳ್ಳಿಯನ್ನು ವರ್ಷದ ಅತಿ ಚಿಕ್ಕ ಹಗಲಿಗೆ ನೆಟ್ಟು ಅತಿ ದೊಡ್ಡ ಹಗಲಿಗೆ ಕೀಳಬೇಕೆಂಬ ಅಲ್ಲಿನ ಜನಪ್ರಿಯ ಮಾತು ನೆನಪಿಡಲು ಸುಲಭ, ಆದರೆ ಬೆಳ್ಳುಳ್ಳಿ ಪಂಚಾಂಗ ಓದುವುದಿಲ್ಲ. ಕೆಳಗಿನ ಎಲೆಗಳು ಒಣಗಿ ಹಳದಿಯಾದಾಗಲೇ ಅದು ಕೀಳಲು ಬಂದಿತೆಂದು ಅರ್ಥ, ಎಷ್ಟೋ ತೋಟಗಳಲ್ಲಿ ಅದು ಜನವರಿಗೂ ಸರಿಯುತ್ತದೆ.

ಉಷ್ಣತೆ 24 ಡಿಗ್ರಿ ದಾಟದ ದಿನ ಬಿಸಿಲಿಗೆ ಹೆದರಬೇಕಿಲ್ಲವೆಂಬುದು ಕನ್ನಡ ನಾಡಿನ 38 ಡಿಗ್ರಿ ಕಂಡವರಿಗೆ ಸಹಜವಾಗಿ ತೋರುವ, ಆದರೆ ಅಪಾಯಕಾರಿಯಾದ ಭಾವನೆ. ಚರ್ಮವನ್ನು ಸುಡುವುದು ಸೆಕೆಯಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದರ ತೀವ್ರತೆಯನ್ನು ಅಳೆಯುವ ಸೂಚ್ಯಂಕ 11 ಮುಟ್ಟಿದರೆ ಅತ್ಯಂತ ತೀವ್ರವೆಂದು ಗಣನೆ, ನ್ಯೂಜಿಲೆಂಡಿನ ನಡುಬೇಸಿಗೆಯಲ್ಲಿ ಅದು 12ನ್ನೂ ಮುಟ್ಟುತ್ತದೆ. ಉತ್ತರ ಗೋಳದ ಅಷ್ಟೇ ಅಕ್ಷಾಂಶದ ಊರುಗಳಿಗಿಂತ ಇದು ಸುಮಾರು ಶೇ 40ರಷ್ಟು ಹೆಚ್ಚು. ಇದಕ್ಕೆ ದೇಶದ ನೆತ್ತಿಯ ಮೇಲಿನ ‘ಓಜೋನ್ ತೂತು’ ಕಾರಣವೆಂದು ಜನ ಹೇಳುತ್ತಾರೆ. ಆ ತೂತು ತೆರೆಯುವುದು ಅಂಟಾರ್ಕ್ಟಿಕದ ಮೇಲೆ, ಅದೂ ವಸಂತದಲ್ಲಿ. ಜನವರಿಯಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು, ಗಾಳಿಯಲ್ಲಿ ದೂಳು-ಹೊಗೆ ಕಡಿಮೆಯಿರುವುದು, ಉತ್ತರಕ್ಕೆ ಹೋಲಿಸಿದರೆ ಬೇಸಿಗೆಯ ಓಜೋನ್ ಪದರ ತುಸು ತೆಳುವಾಗಿರುವುದು, ಈ ಮೂರೂ ಸೇರಿ ಬಿಸಿಲನ್ನು ಮೊನಚಾಗಿಸುತ್ತವೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ನಿಜವಾದ ನಡುಹಗಲು ಸುಮಾರು ಒಂದೂವರೆಗೆ ಬರುತ್ತದೆ. ಆದ್ದರಿಂದ ಹನ್ನೆರಡು ಗಂಟೆ ಕಳೆಯಿತು, ಬಿಸಿಲು ಇಳಿಯಿತು ಎಂದು ತೋಟಕ್ಕಿಳಿದವರು ಇನ್ನೂ ಏರುಬಿಸಿಲಿಗೇ ಮೈ ಒಡ್ಡುತ್ತಾರೆ. ಬಿಸಿಲಿನ ಪೆಟ್ಟು ತರಕಾರಿಗೂ ಉಂಟು. ಎಲೆ ಹೆಚ್ಚು ಸವರಿದ ಟೊಮೆಟೊ ಮತ್ತು ದಪ್ಪಮೆಣಸಿನಕಾಯಿಗಳ ಮೈಮೇಲೆ ಬಿಳಿಚಿದ ಕಲೆ ಬೀಳುತ್ತದೆ. ಸೊಪ್ಪು, ಲೆಟಸ್‌ಗಳನ್ನು ಇಬ್ಬನಿ ಆರುವ ಮೊದಲೇ ಕೊಯ್ಯುವುದು ಬರಿಯ ಸಂಪ್ರದಾಯವಲ್ಲ: ಕೊಯ್ದ ಸೊಪ್ಪೂ ಉಸಿರಾಡುತ್ತಿರುತ್ತದೆ, ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಪಟ್ಟಿಗಿಂತಲೂ ಹೆಚ್ಚಬಹುದು, ಬಾಡುವುದೂ ಅಷ್ಟೇ ಬೇಗ. ಟೊಮೆಟೊಕ್ಕೆ ಮಾತ್ರ ಇದರ ವಿರುದ್ಧದ ಎಚ್ಚರ ಬೇಕು, ಫ್ರಿಜ್ಜಿನ ಚಳಿ ಅದರ ಪರಿಮಳವನ್ನು ಕುಂದಿಸುತ್ತದೆ.

ಹಸಿರು ನಾಡಿನಲ್ಲಿ ನೀರಾವರಿ ಏಕೆಂದು ಕೇಳುವವರು ದಕ್ಷಿಣದ ಆಲ್ಪ್ಸ್ ಪರ್ವತಸಾಲನ್ನು ಮರೆತಿರುತ್ತಾರೆ. ಅದರ ಪಶ್ಚಿಮದ ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿ.ಮೀ.ಗೂ ಮೀರಿ ಮಳೆ ಸುರಿದರೆ, ಪೂರ್ವದ ಮರೆಯಲ್ಲಿರುವ ಅಲೆಕ್ಸಾಂಡ್ರಾಕ್ಕೆ ಸುಮಾರು 350 ಮಿ.ಮೀ. ಮಾತ್ರ. ಬೇಸಿಗೆಯಲ್ಲಿ ಮಣ್ಣು ಮತ್ತು ಎಲೆಗಳಿಂದ ದಿನಕ್ಕೆ 5 ಮಿ.ಮೀ. ನೀರು ಆರಿದರೂ ಕಾಲೆಕರೆ ತೋಟ ಸುಮಾರು 5,000 ಲೀಟರ್ ಕಳೆದುಕೊಳ್ಳುತ್ತದೆ.

ಸಾವಯವವೆಂದರೆ ಏನನ್ನೂ ಸಿಂಪಡಿಸದ ಬೆಳೆ ಎಂಬುದೂ ತಪ್ಪು. ತಾಮ್ರ, ಗಂಧಕಗಳ ಕೆಲವು ದ್ರಾವಣಗಳಿಗೆ ಸಾವಯವ ನಿಯಮಗಳಲ್ಲೇ ಮಿತಿಯೊಳಗಿನ ಅವಕಾಶವಿದೆ. ಆದರೂ ಒಳ್ಳೆಯ ತೋಟಗಾರರು ಮೊದಲು ನೆಚ್ಚುವುದು ಬಲೆಯನ್ನು. 2006ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ಪತ್ತೆಯಾದ ಸಿಲ್ಲಿಡ್ ಎಂಬ ರಸ ಹೀರುವ ಕಿರುಕೀಟ ಆಲೂಗಡ್ಡೆ, ಟೊಮೆಟೊಗಳಿಗೆ ರೋಗಾಣುವನ್ನು ದಾಟಿಸುತ್ತದೆ, ಅದರ ಹಾವಳಿ ಏರುವುದು ಬೇಸಿಗೆಯಲ್ಲೇ. ಆದ್ದರಿಂದ ಸಾಲುಗಳ ಮೇಲೆ ಹರಡಿದ ನವುರಾದ ಬಲೆಯನ್ನು ಕಂಡು ಹಕ್ಕಿಗಳನ್ನು ದೂರವಿಡಲು ಹಾಕಿದ್ದೆಂದು ಭಾವಿಸುವುದು ಅರ್ಧ ಸತ್ಯ.

ಅಲ್ಲಿನದೇ ಎಂದು ಹೆಸರಾದ ಕಿವಿ ಹಣ್ಣು ಬೇಸಿಗೆಯ ಬುಟ್ಟಿಯಲ್ಲಿ ಇರುವುದೇ ಇಲ್ಲ, ಏಕೆಂದರೆ ಅದರ ಕೊಯ್ಲು ಶರತ್ಕಾಲಕ್ಕೆ. ಅದು ಅಲ್ಲಿ ಹುಟ್ಟಿದ್ದೂ ಅಲ್ಲ: ವಾಂಗನೂಯಿಯ ಬಾಲಕಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ ಇಸಬೆಲ್ ಫ್ರೇಸರ್ 1904ರಲ್ಲಿ ಚೀನಾದಿಂದ ಬೀಜ ತಂದರು, ವ್ಯಾಪಾರಕ್ಕೆಂದು 1959ರಲ್ಲಿ ಹಕ್ಕಿಯ ಹೆಸರು ಅಂಟಿತು. ಹೂವಿಗೆ ಬರುವ ಜೇನ್ನೊಣವೂ 1839ರಲ್ಲಿ ಹಡಗಿನಲ್ಲಿ ಬಂದ ಅತಿಥಿ. ಇದಕ್ಕೆ ವಿರುದ್ಧವಾಗಿ, ಐರೋಪ್ಯರು ತಂದದ್ದೆಂದು ಕೆಲವರು ಎಣಿಸುವ ‘ಕೂಮರ’, ಅಂದರೆ ಸಿಹಿಗೆಣಸು, ದಕ್ಷಿಣ ಅಮೆರಿಕ ಮೂಲದ್ದಾದರೂ ಮಾವೊರಿಗಳ ಪೂರ್ವಜರೊಡನೆ ದೋಣಿಯಲ್ಲಿ ಮೊದಲೇ ಬಂದಿತ್ತು. ತರಕಾರಿ ಬೇಸಾಯ ಬಿಳಿಯರ ಕೊಡುಗೆ ಎಂಬ ಮಾತಿಗೂ ಪುಕೆಕೊಹೆ ಎಂಬ ಊರಿನ ಕೆಂಪು ಮಣ್ಣು ಸಾಕ್ಷಿ ಹೇಳದು; ಅಲ್ಲಿ ಚೀನೀಯರೂ ಭಾರತೀಯರೂ ಬೆವರು ಸುರಿಸಿ ಬೆಳೆದರು, 1926ರಲ್ಲಿ ಅವರ ವಿರುದ್ಧವೇ ‘ವೈಟ್ ನ್ಯೂಜಿಲೆಂಡ್ ಲೀಗ್’ ಎಂಬ ಸಂಘ ಅದೇ ಊರಿನಲ್ಲಿ ಕಟ್ಟಲ್ಪಟ್ಟಿತು.

ಕೊನೆಯದಾಗಿ, ಕುಂಬಳದ ಬಳಗದ ಜುಕಿನಿ. ಜನವರಿಯಲ್ಲಿ ವಾರವಾರವೂ ಅದನ್ನೇ ಪಡೆದು ಬೇಸತ್ತ ಪಾಲುದಾರರು, ಕಾಯಿಯನ್ನು ಗಿಡದಲ್ಲೇ ಬಿಟ್ಟು ದೊಡ್ಡದಾಗಿಸಿದರೆ ಒಂದೇ ಸಾಕಲ್ಲವೇ ಎಂದು ಕೇಳುವುದುಂಟು. ಹೂವು ಅರಳಿದ ವಾರದೊಳಗೆ ಕೀಳಬೇಕಾದ ಕಾಯಿಯನ್ನು ಬಲಿಯಲು ಬಿಟ್ಟರೆ ಗಿಡದ ಕಸುವೆಲ್ಲ ಒಳಗಿನ ಬೀಜಕ್ಕೆ ಹೋಗಿ ಹೊಸ ಕಾಯಿ ಕಟ್ಟುವುದು ತಗ್ಗುತ್ತದೆ, ಸಿಪ್ಪೆ ಬಲಿತ ಹೀರೆಕಾಯಿಯಂತೆ ಗಡುಸಾಗುತ್ತದೆ. ಅಕ್ಟೋಬರಿನಲ್ಲಿ ಅರೆತುಂಬಿದ ಬುಟ್ಟಿಗೆ ತೆತ್ತ ಕಂತೇ ಜನವರಿಯ ಉಕ್ಕುವ ಬುಟ್ಟಿಗೂ ತೆರುವ ಕಂತಾದ್ದರಿಂದ, ತೋಟದವರು ಆ ಕಾಯಿಗಳನ್ನು ಬೇರೆ ಕಡೆ ಮಾರಿಕೊಳ್ಳದೆ ಒಂದೂ ಬಿಡದಂತೆ ಪಾಲಿಗೆ ಸೇರಿಸುತ್ತಾರೆ.